ಇಸಾಂಪುರದ ಹಲ್ಲು, ಗೋಗಿಯ ಯುರೇನಿಯಂ ಮತ್ತು ನಾಲ್ಕು ಸಂಖ್ಯೆಗಳು

ಯಾದಗಿರಿ ಜಿಲ್ಲೆಯ ಹುಣಸಗಿ ಪಕ್ಕದಲ್ಲಿ ಇಸಾಂಪುರ ಎಂಬ ಸಣ್ಣ ಊರಿದೆ. ಮೊದಲು ಸುರಪುರ ತಾಲ್ಲೂಕಿಗೆ ಸೇರಿತ್ತು, ಈಗ ಹುಣಸಗಿಯೇ ತಾಲ್ಲೂಕು. ಅಲ್ಲಿ ನೆಲದಡಿ ಸಿಕ್ಕ ಕಲ್ಲಿನ ಆಯುಧಗಳು ಸುಮಾರು 12 ಲಕ್ಷ 70 ಸಾವಿರ ವರ್ಷ ಹಳೆಯವು ಎಂದು 2002ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಬಂತು. ಬರೆದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು. ಲೆಕ್ಕ 1 ಲಕ್ಷ 70 ಸಾವಿರ ವರ್ಷದಷ್ಟು ಆಚೀಚೆ ಆಗಬಹುದು ಎಂಬ ಎಚ್ಚರಿಕೆಯೂ ಅದರಲ್ಲೇ ಇತ್ತು.

ಅಷ್ಟು ಹಿಂದಿನ ಕಾಲವನ್ನು ಅಳೆದದ್ದು ಹೇಗೆ? ಕಲ್ಲು ತಾನು ಯಾವಾಗ ಒಡೆಸಿಕೊಂಡೆ ಎಂದು ಹೇಳುವುದಿಲ್ಲ. ಇದ್ದಿಲು, ಮೂಳೆಗಳ ವಯಸ್ಸು ಹೇಳುವ ಇಂಗಾಲ-14ರ ವಿಧಾನ 50 ಸಾವಿರ ವರ್ಷದ ಆಚೆಗೆ ಕೈಕೊಡುತ್ತದೆ. ಇಸಾಂಪುರದಲ್ಲಿ ಆಯುಧಗಳ ಜೊತೆ ದನದ ಜಾತಿಯ ಪ್ರಾಣಿಯ ಹಲ್ಲುಗಳೂ ಸಿಕ್ಕಿದ್ದವು. ಆ ಹಲ್ಲಿನ ಹೊರಪದರದಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳು ಎಷ್ಟಿವೆ ಎಂದು ಅಳೆದು ಈ ವಯಸ್ಸನ್ನು ಹೇಳಿದರು. ಅಳೆಯಲು ಸಾಧ್ಯವಾಗಿದ್ದು ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣ ಇರುವುದರಿಂದ. ಪ್ರಥಮ ಪಿಯುಸಿ ರಸಾಯನಶಾಸ್ತ್ರದ ‘ಪರಮಾಣು ರಚನೆ’ ಪಾಠದಲ್ಲಿ ನಮ್ಮ ಮಕ್ಕಳು ಉರು ಹೊಡೆಯುವ ನಾಲ್ಕು ಕ್ವಾಂಟಂ ಸಂಖ್ಯೆಗಳಲ್ಲಿ ಕಡೆಯದು ಇದೇ.

ಶಹಾಪುರದಲ್ಲೋ ಸುರಪುರದಲ್ಲೋ ಓದುವ ಹುಡುಗ ಹುಡುಗಿಯರಿಗೆ ಈ ಪಾಠ ಬರುವುದು ಒಂದು ಪಟ್ಟಿಯಾಗಿ. ಎನ್ ಇಷ್ಟಾದರೆ ಎಲ್ ಇಷ್ಟು, ಎಲ್ ಇಷ್ಟಾದರೆ ಎಂ ಇಷ್ಟು. ಬರೆದರೆ ಅಂಕ ಬರುತ್ತದೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಆ ಸಂಖ್ಯೆಗಳು ಹಲ್ಲಿನಲ್ಲಿ, ಬಂಡೆಯಲ್ಲಿ, ಕೊಳವೆಬಾವಿಯ ನೀರಿನಲ್ಲಿ ಕೆಲಸ ಮಾಡುತ್ತಿವೆ ಎಂದು ಅವರಿಗೆ ಯಾರಾದರೂ ಹೇಳಬೇಕು. ಈ ಪಾಠವನ್ನು ಇಸಾಂಪುರದಿಂದ, ಇದೇ ಜಿಲ್ಲೆಯಲ್ಲಿ ಯುರೇನಿಯಂ ಸಿಕ್ಕಿರುವ ಗೋಗಿಯಿಂದ ಶುರು ಮಾಡಿದರೆ ಅದು ಬೇರೆಯೇ ಪಾಠವಾಗುತ್ತದೆ ಎಂದು ನನಗೆ ಬಲವಾಗಿ ಅನಿಸಿದೆ.

ಚಪ್ಪಡಿ ಏಳುವ ಊರು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಸೀಮೆಯನ್ನು ಪುರಾತತ್ವದವರು ಸುರಪುರ ದೋಆಬ್ ಎನ್ನುತ್ತಾರೆ. 1840–50ರ ದಶಕಗಳಲ್ಲಿ ಸುರಪುರ ಸಂಸ್ಥಾನದ ಮೇಲ್ವಿಚಾರಣೆಗೆ ಬಂದಿದ್ದ ಮೆಡೋಸ್ ಟೇಲರ್ ಇಲ್ಲಿನ ಶಿಲಾಗೋರಿಗಳನ್ನು, ರಾಜನಕೋಳೂರಿನ ಕಲ್ಮನೆಗಳನ್ನು, ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿಟ್ಟ ಗುಂಡುಗಳನ್ನು ನೋಡಿ ವಿವರವಾಗಿ ಬರೆದಿಟ್ಟ. ಅಳತೆ ತೆಗೆದ, ಚಿತ್ರ ಬಿಡಿಸಿದ. ಅವುಗಳ ವಯಸ್ಸು ಹೇಳುವ ಉಪಾಯ ಮಾತ್ರ ಆಗಿನ ಕಾಲದಲ್ಲಿ ಯಾರಲ್ಲೂ ಇರಲಿಲ್ಲ.

ನೂರು ವರ್ಷದ ಮೇಲೆ, 1960ರ ದಶಕದಲ್ಲಿ, ಪದ್ದಯ್ಯ ಇಲ್ಲಿಗೆ ಬಂದರು. ಮೊದಲು ನವಶಿಲಾಯುಗದ ಬೂದಿದಿಬ್ಬಗಳ ಬೆನ್ನು ಹತ್ತಿದವರು ಆಮೇಲೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಹುಡುಕುತ್ತ ಹೋದರು. ಹಳ್ಳದ ದಂಡೆ, ಹೊಲದ ಬದು, ಚಿಲುಮೆಯ ಸುತ್ತ ದಶಕಗಟ್ಟಲೆ ನಡೆದಾಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಎರಡು ಕಣಿವೆಗಳ ಹೆಸರು ಜಗತ್ತಿನ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಇರುವುದು ಬಹುಪಾಲು ಅವರ ದುಡಿಮೆಯಿಂದ.

ಇಸಾಂಪುರದ ಉತ್ಖನನ ನಡೆದದ್ದು 1997ರಿಂದ 2001ರವರೆಗೆ. ಅದು ಕಲ್ಲು ತೆಗೆದು ಅಲ್ಲೇ ಆಯುಧ ಮಾಡುತ್ತಿದ್ದ ಜಾಗ. ಶಹಾಬಾದ್ ಫರಸಿ ಯಾವ ಭೀಮಾ ಶಿಲಾಸಮೂಹಕ್ಕೆ ಸೇರುತ್ತದೋ ಅದೇ ಕುಲದ ಸುಣ್ಣಕಲ್ಲು ಇಲ್ಲಿ ಪದರು ಪದರಾಗಿ, ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ. ಸಿಲಿಕ ಬೆರೆತಿರುವುದರಿಂದ ಗಟ್ಟಿ; ಹೊಡೆದರೆ ಅಂಚು ಹರಿತವಾಗಿ ಒಡೆಯುತ್ತದೆ. ಬೇಕಾದ ದಪ್ಪದ ಚಪ್ಪಡಿ ಎತ್ತಿಕೊಂಡರೆ ಕೈಗೊಡಲಿಯ ಅರ್ಧ ಕೆಲಸ ಮುಗಿದಂತೆ, ಎರಡೂ ಕಡೆ ಅಂಚು ಕೆತ್ತಿದರಾಯಿತು. ಕೆತ್ತುವ ಸುತ್ತಿಗೆಗೆ ಬಸಾಲ್ಟ್, ಚರ್ಟ್, ಕ್ವಾರ್ಟ್ಸೈಟಿನ ಗುಂಡುಕಲ್ಲು ಬಳಸಿದ್ದರು. ಮುಗಿದ ಕೈಗೊಡಲಿ, ಸೀಳುಗೊಡಲಿಗಳ ಜೊತೆಗೆ ಅರ್ಧಕ್ಕೆ ಕೈಬಿಟ್ಟವು, ಕೆತ್ತುವಾಗ ಸಿಡಿದ ಚಕ್ಕೆಗಳು, ಸುತ್ತಿಗೆಕಲ್ಲುಗಳು ಎಲ್ಲವೂ ಬಿದ್ದಲ್ಲೇ ಬಿದ್ದಿದ್ದವು. ಆಗ ಕೂತು ಕೆತ್ತಿದವರು ನಮ್ಮ ಹಾಗಿನ ಮನುಷ್ಯರಲ್ಲ, ನಮಗಿಂತ ಬಹಳ ಹಿಂದಿನ ಇನ್ನೊಂದು ಮಾನವ ಜಾತಿ.

ಅಲ್ಲಿಂದ ಹಲ್ಲು ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿ ಏನಾಯಿತು ಎಂದು ತಿಳಿಯಬೇಕಾದರೆ ಪರಮಾಣುವಿನ ಒಳಗೆ ಸ್ವಲ್ಪ ಹೊತ್ತು ಇರಬೇಕು.

ಎನ್, ಎಲ್, ಎಂ

ಸೂರ್ಯನ ಸುತ್ತ ಗ್ರಹ ಸುತ್ತುವಂತೆ ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನ್ ಸುತ್ತುವ ಚಿತ್ರ ಹೈಸ್ಕೂಲಿನ ಗೋಡೆಗಳ ಮೇಲೆ ಇನ್ನೂ ಇದೆ. ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಆ ಚಿತ್ರ ಹೈಡ್ರೋಜನ್ನಿನ ಬೆಳಕಿನ ಗೆರೆಗಳನ್ನು ಚೆನ್ನಾಗಿ ವಿವರಿಸಿತು. ಆದರೆ ಎಲೆಕ್ಟ್ರಾನ್ ಕೇವಲ ಕಣವಲ್ಲ, ಅದಕ್ಕೆ ಅಲೆಯ ಗುಣವೂ ಇದೆ ಎಂದು 1924ರಲ್ಲಿ ಲೂಯಿ ದ ಬ್ರಾಯ್ ಹೇಳಿದ ಮೇಲೆ, 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಆ ಅಲೆಗೆ ಸಮೀಕರಣ ಬರೆದ ಮೇಲೆ, ಸುತ್ತುವ ದಾರಿ ಎಂಬ ಮಾತೇ ಹೋಯಿತು. ಉಳಿದದ್ದು ಎಲೆಕ್ಟ್ರಾನ್ ಎಲ್ಲೆಲ್ಲಿ ಎಷ್ಟೆಷ್ಟು ಸಿಗಬಹುದು ಎಂಬ ಹರವು. ಅದನ್ನೇ ಕಕ್ಷಕ, ಆರ್ಬಿಟಲ್ ಎನ್ನುವುದು.

ನ್ಯೂಕ್ಲಿಯಸ್ಸಿನ ಸೆಳೆತದಲ್ಲಿ ಸಿಕ್ಕ ಅಲೆ ಮನಬಂದಂತೆ ನಿಲ್ಲಲಾರದು, ಕೆಲವೇ ಬಗೆಯಲ್ಲಿ ನಿಲ್ಲಬಲ್ಲದು. ಆ ಬಗೆಗಳಿಗೆ ಕೊಟ್ಟ ಗುರುತೇ ಕ್ವಾಂಟಂ ಸಂಖ್ಯೆ. ಸಮೀಕರಣ ಬಿಡಿಸಿದಾಗ ತಾನಾಗಿಯೇ ಮೂರು ಸಂಖ್ಯೆಗಳು ಹೊರಬರುತ್ತವೆ. ಯಾರೋ ನಿಯಮ ಮಾಡಿ ಹೇರಿದ್ದಲ್ಲ. ತರಗತಿಯಲ್ಲಿ ತಪ್ಪಿಹೋಗುವ ಮಾತು ಇದು. ಎಲ್ ಏಕೆ ಎನ್‌ಗಿಂತ ಚಿಕ್ಕದೇ ಇರಬೇಕು ಎಂದು ಕೇಳಿದ ಹುಡುಗಿಗೆ ‘ಅದು ರೂಲು’ ಎಂದರೆ ಅವಳ ಕುತೂಹಲ ಅಲ್ಲಿಗೇ ಸಾಯುತ್ತದೆ. ಅಲೆಯಲ್ಲಿ ಎಲೆಕ್ಟ್ರಾನ್ ಎಂದೂ ಸಿಗದ ಶೂನ್ಯಪದರುಗಳಿರುತ್ತವೆ. ಒಟ್ಟು ಶೂನ್ಯಪದರುಗಳು ಎನ್‌ಗಿಂತ ಒಂದು ಕಡಿಮೆ. ಅವುಗಳಲ್ಲಿ ನ್ಯೂಕ್ಲಿಯಸ್ಸಿನ ಮೂಲಕವೇ ಹಾಯ್ದುಹೋಗುವಂಥವು ಎಷ್ಟು ಎಂಬುದು ಎಲ್. ಇರುವ ಒಟ್ಟಿಗಿಂತ ಅದರ ಒಂದು ಪಾಲು ಹೆಚ್ಚಾಗುವುದು ಹೇಗೆ ಸಾಧ್ಯ? ಅದಕ್ಕೇ ಎಲ್ ಸೊನ್ನೆಯಿಂದ ಶುರುವಾಗಿ ಎನ್‌ಗಿಂತ ಒಂದು ಕಡಿಮೆಗೆ ನಿಲ್ಲುತ್ತದೆ.

ಎನ್ ಹೇಳುವುದು ಮುಖ್ಯವಾಗಿ ಶಕ್ತಿ ಮತ್ತು ಹರವಿನ ದೊಡ್ಡತನ. ಹೈಡ್ರೋಜನ್ನಿನಲ್ಲಿ ಎನ್ 1 ಇದ್ದಾಗ ಎಲೆಕ್ಟ್ರಾನನ್ನು ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಎನ್ 2 ಆದರೆ ಅದರ ನಾಲ್ಕನೆಯ ಒಂದು ಪಾಲು ಸಾಕು. ಎಲ್ ಹೇಳುವುದು ಆಕಾರ. ಸೊನ್ನೆಯಾದರೆ ದುಂಡಗಿನ ಎಸ್ ಕಕ್ಷಕ, 1 ಆದರೆ ಎರಡು ಹಾಲೆಗಳ ಪಿ, 2 ಆದರೆ ಡಿ, 3 ಆದರೆ ಇನ್ನೂ ಹೆಚ್ಚು ಕವಲೊಡೆದ ಎಫ್. ಎಂ ಹೇಳುವುದು ಆ ಆಕಾರ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು. ಎಸ್‌ಗೆ ಒಂದೇ ಬಗೆ, ಪಿಗೆ ಮೂರು, ಡಿಗೆ ಐದು, ಎಫ್‌ಗೆ ಏಳು. ಈ ಏಳು ಎಫ್ ಕಕ್ಷಕಗಳನ್ನು ನೆನಪಿಡಿ. ಗೋಗಿಯಲ್ಲಿ ಬೇಕಾಗುತ್ತವೆ.

ಬೆಳ್ಳಿಯ ಎರಡು ಗೆರೆ

ಮೂರು ಸಂಖ್ಯೆಗಳು ಸಾಲಲಿಲ್ಲ. 1922ರ ಫೆಬ್ರವರಿಯಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಓಟೋ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಕ್ ಬೆಳ್ಳಿಯನ್ನು ಕಾಸಿ ಆವಿ ಮಾಡಿ, ಆ ಪರಮಾಣುಗಳ ತೆಳುವಾದ ಧಾರೆಯನ್ನು ಒಂದೇ ಸಮನಾಗಿರದ ಕಾಂತಕ್ಷೇತ್ರದಲ್ಲಿ ಹಾಯಿಸಿ ಗಾಜಿನ ಮೇಲೆ ಬೀಳಿಸಿದರು. ಬೆಳ್ಳಿಯಲ್ಲಿ 47 ಎಲೆಕ್ಟ್ರಾನುಗಳು. 46 ಜೋಡಿಯಾಗಿ ಒಂದರ ಕಾಂತತ್ವವನ್ನು ಇನ್ನೊಂದು ಅಳಿಸಿಹಾಕುತ್ತವೆ. ಉಳಿದ ಒಂಟಿ ಎಲೆಕ್ಟ್ರಾನ್ 5ಎಸ್ ಕಕ್ಷಕದಲ್ಲಿದೆ. ಅಲ್ಲಿ ಎಲ್ ಸೊನ್ನೆ, ಅಂದರೆ ಸುತ್ತಾಟದಿಂದ ಬರುವ ಕಾಂತತ್ವವೂ ಇಲ್ಲ. ಲೆಕ್ಕದ ಪ್ರಕಾರ ಧಾರೆ ನೆಟ್ಟಗೆ ಹೋಗಬೇಕಿತ್ತು. ಅದು ಎರಡಾಗಿ ಸೀಳಿತು.

ಮೊದಲಿಗೆ ಗಾಜಿನ ಮೇಲೆ ಏನೂ ಕಾಣಲಿಲ್ಲವಂತೆ. ಸ್ಟರ್ನ್ ಸೇದುತ್ತಿದ್ದದ್ದು ಅಗ್ಗದ ಚುಟ್ಟ. ಗಾಜನ್ನು ಹತ್ತಿರ ಹಿಡಿದು ನೋಡುವಾಗ ಅದರ ಹೊಗೆಯಲ್ಲಿದ್ದ ಗಂಧಕ ತಾಗಿ ಬೆಳ್ಳಿಯ ಗುರುತು ಕಪ್ಪಗೆ ಮೂಡಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಮನೆಯಲ್ಲಿ ಕಾಲ್ಗೆಜ್ಜೆ ಕಪ್ಪಾಗುವುದೂ ಇದೇ ಗಂಧಕದಿಂದ.

ಸೀಳಿಕೆಯ ನಿಜವಾದ ಕಾರಣ ಆಗ ಅವರಿಬ್ಬರಿಗೂ ಗೊತ್ತಿರಲಿಲ್ಲ. 1925ರಲ್ಲಿ ವುಲ್ಫ್‌ಗಾಂಗ್ ಪೌಲಿ, ಎಲೆಕ್ಟ್ರಾನಿಗೆ ಎರಡೇ ಬೆಲೆಯ ನಾಲ್ಕನೆಯ ಸಂಖ್ಯೆಯೊಂದು ಬೇಕು, ಮತ್ತು ಒಂದೇ ಪರಮಾಣುವಿನ ಯಾವ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕೂ ಸಂಖ್ಯೆಗಳು ಒಂದೇ ಆಗಿರಲು ಸಾಧ್ಯವಿಲ್ಲ ಎಂದ. ಅದೇ ವರ್ಷ ಲೈಡನ್ನಿನ ಇಬ್ಬರು ತರುಣರು, ಜಾರ್ಜ್ ಊಲನ್‌ಬೆಕ್ ಮತ್ತು ಸ್ಯಾಮುಯೆಲ್ ಗೌಡ್ಸ್‌ಮಿಟ್, ಆ ನಾಲ್ಕನೆಯದು ಎಲೆಕ್ಟ್ರಾನಿನ ಸ್ವಂತ ಗಿರಕಿ ಎಂದರು. ಅದರ ಬೆಲೆ +½ ಇಲ್ಲವೇ −½. ನಿಜಕ್ಕೂ ಅದು ಬುಗುರಿಯಾಗಿ ತಿರುಗುತ್ತಿಲ್ಲ. ತಿರುಗುವ ವಸ್ತುವಿಗೆ ಇರುವಂಥ ಸಂವೇಗ ಮತ್ತು ಕಾಂತತ್ವ ಅದಕ್ಕೆ ಹುಟ್ಟಿನಿಂದಲೇ ಇವೆ, ಅಷ್ಟೆ.

ಒಂದು ಕಕ್ಷಕದಲ್ಲಿ ಹೆಚ್ಚೆಂದರೆ ಎರಡು ಎಲೆಕ್ಟ್ರಾನ್ ಎಂಬ ಮಿತಿ ಇಲ್ಲಿಂದ ಬಂತು. ಎಸ್‌ಗೆ 2, ಪಿಗೆ 6, ಡಿಗೆ 10, ಎಫ್‌ಗೆ 14. ಆವರ್ತಕೋಷ್ಟಕದ ಅಡ್ಡಸಾಲುಗಳು ಅಷ್ಟಷ್ಟೇ ಅಗಲ ಇರುವುದಕ್ಕೂ, ಕಬ್ಬಿಣ ಕಬ್ಬಿಣವಾಗಿರುವುದಕ್ಕೂ ಇದೇ ಕಾರಣ. ಈ ತಡೆ ಇಲ್ಲದಿದ್ದರೆ ಯುರೇನಿಯಂನ 92 ಎಲೆಕ್ಟ್ರಾನುಗಳೂ ಕೆಳಗಿನ ಒಂದೇ ಎಸ್‌ನಲ್ಲಿ ಹೋಗಿ ಕೂರುತ್ತಿದ್ದವು. ರಸಾಯನಶಾಸ್ತ್ರ ಎನ್ನುವುದೇ ಇರುತ್ತಿರಲಿಲ್ಲ.

ಬೆಳ್ಳಿಯ ಮಾತು ಬಂದ ಮೇಲೆ ಚಿನ್ನದ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯಲ್ಲಿ ಚಿನ್ನದ ಲೇಪಕ್ಕೆ ದೊಡ್ಡ ಜಾಗವಿದೆ. ಕೋಷ್ಟಕದಲ್ಲಿ ಚಿನ್ನ ಬೆಳ್ಳಿಯ ಕೆಳಗಿನ ಮನೆಯಲ್ಲಿದೆ, ಎರಡರದ್ದೂ ಹೊರಗಿನ ಜೋಡಣೆ ಒಂದೇ. ಹಾಗಿದ್ದರೆ ಚಿನ್ನಕ್ಕೆ ಹಳದಿ ಎಲ್ಲಿಂದ ಬಂತು? ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿವೆ. ಆ ಸೆಳೆತದಲ್ಲಿ ತೀರ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಆಗ ಐನ್‌ಸ್ಟೈನರ ಸಾಪೇಕ್ಷತಾ ನಿಯಮಗಳು ಲೆಕ್ಕಕ್ಕೆ ಬಂದು ಎಸ್ ಕಕ್ಷಕಗಳು ಒಳಕ್ಕೆ ಕುಗ್ಗುತ್ತವೆ, ಡಿ ಕಕ್ಷಕಗಳು ಕೊಂಚ ಹೊರಕ್ಕೆ ಹಿಗ್ಗುತ್ತವೆ. 5ಡಿ ಮತ್ತು 6ಎಸ್ ನಡುವಿನ ಶಕ್ತಿಯ ಅಂತರ ಕಡಿಮೆಯಾಗಿ ಚಿನ್ನ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ, ಹಳದಿ ಕಣ್ಣಿಗೆ ಬರುತ್ತದೆ. ಬೆಳ್ಳಿಯಲ್ಲಿ ಆ ಅಂತರ ದೊಡ್ಡದು, ಅತಿನೇರಳೆಯಲ್ಲಿ ಬೀಳುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಹಲ್ಲಿನೊಳಗಿನ ಲೆಕ್ಕ

ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಇರುತ್ತವೆ. ಅವುಗಳ ವಿಕಿರಣ ಹೂತುಹೋದ ಹಲ್ಲಿಗೆ ತಾಗುತ್ತಲೇ ಇರುತ್ತದೆ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣವೂ ಸ್ವಲ್ಪ ಸೇರಿಕೊಳ್ಳುತ್ತದೆ. ಹಲ್ಲಿನ ಹೊರಪದರ, ಎನಾಮಲ್, ಕ್ಯಾಲ್ಸಿಯಂ ಫಾಸ್ಫೇಟಿನ ಗಟ್ಟಿ ಹರಳು. ಅದರಲ್ಲಿ ಕಾರ್ಬೊನೇಟ್ ಅಲ್ಲಲ್ಲಿ ಬೆರೆತಿರುತ್ತದೆ. ವಿಕಿರಣ ಬಡಿದಾಗ ಜೋಡಿಯಲ್ಲಿದ್ದ ಎಲೆಕ್ಟ್ರಾನ್ ಎದ್ದು ಹೋಗಿ, ಕಾರ್ಬೊನೇಟ್ ಇದ್ದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಅದು ಒಂಟಿ. ಲಕ್ಷಾಂತರ ವರ್ಷ ಅಲ್ಲಿಂದ ಕದಲುವುದಿಲ್ಲ.

ನಮ್ಮ ಕಡೆ ಹಾಲು ಹಾಕುವ ಹೆಣ್ಣುಮಕ್ಕಳು ಗಿರಾಕಿಯ ಮನೆ ಗೋಡೆಗೆ ದಿನಕ್ಕೊಂದು ಗೆರೆ ಎಳೆದು ಹೋಗುತ್ತಿದ್ದರು. ತಿಂಗಳ ಕೊನೆಗೆ ಗೆರೆ ಎಣಿಸಿದರೆ ಎಷ್ಟು ದಿನ ಹಾಲು ಬಿತ್ತು ಎಂದು ತಿಳಿಯುತ್ತಿತ್ತು. ಹಲ್ಲಿನಲ್ಲಿ ಸಿಕ್ಕಿಕೊಂಡ ಒಂದೊಂದು ಎಲೆಕ್ಟ್ರಾನೂ ಅಂಥ ಗೆರೆ. ವರ್ಷಕ್ಕೆ ಎಷ್ಟು ವಿಕಿರಣ ಬೀಳುತ್ತದೆ ಎಂದು ಮಣ್ಣನ್ನು ಪರೀಕ್ಷಿಸಿ ತಿಳಿದುಕೊಂಡು, ಒಟ್ಟು ಬಿದ್ದದ್ದನ್ನು ಅದರಿಂದ ಭಾಗಿಸಿದರೆ ಹಲ್ಲು ಮಣ್ಣು ಸೇರಿ ಎಷ್ಟು ವರ್ಷವಾಯಿತು ಎಂಬ ಉತ್ತರ ಬರುತ್ತದೆ.

ಎಣಿಸುವುದು ಹೇಗೆ ಎಂಬಲ್ಲಿ ನಾಲ್ಕನೆಯ ಸಂಖ್ಯೆ ಬರುತ್ತದೆ. ಎನಾಮಲನ್ನು ಬಿಡಿಸಿ, ಮೇಲ್ಮೈ ಉಜ್ಜಿ ತೆಗೆದು, ನುಣ್ಣಗೆ ಪುಡಿ ಮಾಡುತ್ತಾರೆ. ಪುಡಿಯನ್ನು ಸಣ್ಣ ಕ್ವಾರ್ಟ್ಸ್ ನಳಿಕೆಗೆ ತುಂಬಿ ದೊಡ್ಡ ವಿದ್ಯುತ್‌ಕಾಂತದ ಎರಡು ಮುಖಗಳ ನಡುವೆ ಇಳಿಸುತ್ತಾರೆ. ಕಾಂತಕ್ಷೇತ್ರ ಇಲ್ಲದಿದ್ದಾಗ +½ ಮತ್ತು −½ರ ಶಕ್ತಿ ಒಂದೇ. ಕ್ಷೇತ್ರ ಬಂದೊಡನೆ ಎರಡು ಮಟ್ಟಗಳು ಬೇರೆಯಾಗುತ್ತವೆ. ಕ್ಷೇತ್ರ ಸುಮಾರು 0.34 ಟೆಸ್ಲಾ ಇದ್ದರೆ ಆ ಅಂತರಕ್ಕೆ ಸರಿಹೊಂದುವುದು 9.5 ಗಿಗಾಹರ್ಟ್ಸ್‌ನ ಮೈಕ್ರೋವೇವ್, ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಉದ್ದದ ಅಲೆ. ಅದನ್ನು ಹಾಯಿಸಿದಾಗ ಕೆಳಗಿನ ಎಲೆಕ್ಟ್ರಾನ್ ಶಕ್ತಿ ಹೀರಿ ಮಗುಚಿಕೊಳ್ಳುತ್ತದೆ. ಜೋಡಿಯಾಗಿರುವ ಎಲೆಕ್ಟ್ರಾನುಗಳು ಇದಕ್ಕೆ ಜಗ್ಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಒಂದು ಮಗುಚಿದರೆ ಎರಡಕ್ಕೂ ನಾಲ್ಕೂ ಸಂಖ್ಯೆ ಒಂದೇ ಆಗಿಬಿಡುತ್ತವೆ, ಪೌಲಿಯ ನಿಯಮ ಅದಕ್ಕೆ ಬಿಡುವುದಿಲ್ಲ. ಹಾಗಾಗಿ ಹಲ್ಲಿನ ಪುಡಿಯಲ್ಲಿರುವ ಕೋಟ್ಯಂತರ ಕೋಟಿ ಎಲೆಕ್ಟ್ರಾನುಗಳ ನಡುವೆ ಓಗೊಡುವವು ಒಂಟಿಗಳು ಮಾತ್ರ.

ಈ ಓಗೊಡುವಿಕೆ ಎಷ್ಟು ಸೂಕ್ಷ್ಮ ಎಂದರೆ, ಹೈಡ್ರೋಜನ್ನಿನ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯ ಮೂರೂವರೆ ಲಕ್ಷದ ಒಂದು ಪಾಲಿನಷ್ಟು ಶಕ್ತಿಗೆ ಎಲೆಕ್ಟ್ರಾನ್ ಮಗುಚುತ್ತದೆ. ಕೋಣೆಯ ಬಿಸಿಗೆ ಎರಡೂ ಮಟ್ಟಗಳಲ್ಲಿ ಎಲೆಕ್ಟ್ರಾನುಗಳು ಸರಿಸುಮಾರು ಸಮನಾಗಿಯೇ ಇರುತ್ತವೆ. ಹತ್ತು ಸಾವಿರ ಒಂಟಿ ಎಲೆಕ್ಟ್ರಾನುಗಳಿದ್ದರೆ ಕೆಳಗೆ 5004, ಮೇಲೆ 4996. ಆ ಎಂಟರ ವ್ಯತ್ಯಾಸದಿಂದ ಬರುವ ಸಂಕೇತವನ್ನೇ ಯಂತ್ರ ಹಿಡಿಯುತ್ತದೆ. ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂದು ಇದರ ಹೆಸರು. ಕಂಡುಹಿಡಿದವನು ರಷ್ಯದ ಕಜಾನಿನ ಯೆವ್ಗೆನಿ ಜವೋಯ್ಸ್ಕಿ, 1944ರಲ್ಲಿ. ಅದನ್ನು ಕಾಲ ಅಳೆಯಲು ಬಳಸಬಹುದು ಎಂದು ಗುಹೆಯ ಸುಣ್ಣದ ತೊಂಗಲೊಂದರ ಮೇಲೆ ಮಾಡಿ ತೋರಿಸಿದವನು ಜಪಾನಿನ ಮೊಟೋಜಿ ಇಕೆಯಾ, 1975ರಲ್ಲಿ.

ಯಂತ್ರದ ಸಂಕೇತವನ್ನು ವಿಕಿರಣದ ಪ್ರಮಾಣಕ್ಕೆ ಬದಲಿಸಲು ಇನ್ನೊಂದು ಉಪಾಯ ಮಾಡುತ್ತಾರೆ. ಅದೇ ಪುಡಿಯ ಹಲವು ಪಾಲುಗಳಿಗೆ ಕೋಬಾಲ್ಟ್-60ರಿಂದ ಬೇರೆ ಬೇರೆ ಪ್ರಮಾಣದ ಗಾಮಾ ವಿಕಿರಣವನ್ನು ಕೊಟ್ಟು, ಸಂಕೇತ ಹೇಗೆ ಏರುತ್ತದೆ ಎಂದು ನೋಡುತ್ತಾರೆ. ಆ ಏರಿಕೆಯ ರೇಖೆಯನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಸೊನ್ನೆ ಮುಟ್ಟುವ ಜಾಗ, ಮಣ್ಣಿನಡಿ ಹಲ್ಲು ಉಂಡ ಒಟ್ಟು ವಿಕಿರಣವನ್ನು ಹೇಳುತ್ತದೆ.

ಇಸಾಂಪುರದ ಅಂಕಿ ಬರುವ ಮೊದಲು ಈ ಕಣಿವೆಯ ತೆಗ್ಗಿಹಳ್ಳಿ, ಸಾದಬ್ ಮುಂತಾದ ನೆಲೆಗಳಿಗೆ ಯುರೇನಿಯಂ-ಥೋರಿಯಂ ವಿಧಾನದಿಂದ ಸಿಕ್ಕಿದ್ದು ಮೂರು ಲಕ್ಷ ವರ್ಷದ ಆಸುಪಾಸು. ಆ ವಿಧಾನ ಐದು ಲಕ್ಷ ವರ್ಷದ ಆಚೆಗೆ ನೋಡಲಾರದು. ಸ್ಪಿನ್ನಿನ ಲೆಕ್ಕ ಬಂದದ್ದೇ ಭಾರತದ ಕೈಗೊಡಲಿ ಸಂಸ್ಕೃತಿ ಹತ್ತು ಲಕ್ಷ ವರ್ಷದ ಗೆರೆ ದಾಟಿತು. ಮುಂದೆ 2011ರಲ್ಲಿ ತಮಿಳುನಾಡಿನ ಅತ್ತಿರಂಪಾಕ್ಕಂಗೆ ಬೇರೆಯೇ ವಿಧಾನದಿಂದ ಸುಮಾರು 15 ಲಕ್ಷ ವರ್ಷ ಎಂಬ ಫಲಿತಾಂಶ ಬಂದಾಗ, ಇಸಾಂಪುರದ ಅಂಕಿ ಒಂಟಿಯಾಗಿ ಉಳಿಯಲಿಲ್ಲ.

ಇಲ್ಲೊಂದು ಕಗ್ಗಂಟಿದೆ, ಮುಚ್ಚಿಡಬಾರದು. ಹೂತ ಹಲ್ಲು ಅಂತರ್ಜಲದಿಂದ ಯುರೇನಿಯಂ ಹೀರಿಕೊಳ್ಳುತ್ತದೆ. ಒಳಗೆ ಸೇರಿದ ಆ ಯುರೇನಿಯಂ ತಾನೂ ವಿಕಿರಣ ಹೊಡೆಯುತ್ತದೆ. ಹೂತ ಸ್ವಲ್ಪ ದಿನದಲ್ಲೇ ಎಲ್ಲ ಹೀರಿಕೊಂಡಿತೋ, ಲಕ್ಷಾಂತರ ವರ್ಷ ಒಂದೇ ಸಮನೆ ಹೀರುತ್ತ ಬಂತೋ? ಮೊದಲಿನದಾದರೆ ವರ್ಷದ ಸರಾಸರಿ ಪಾಲು ಹೆಚ್ಚು, ವಯಸ್ಸು ಕಡಿಮೆ ಬರುತ್ತದೆ. ಎರಡನೆಯದಾದರೆ ವಯಸ್ಸು ಹೆಚ್ಚು. 12.7 ಲಕ್ಷ ಎಂಬುದು ಒಂದೇ ಸಮನೆ ಹೀರಿತು ಎಂದು ಇಟ್ಟುಕೊಂಡು ಬಂದ ಅಂಕಿ. ಭಾಷಣದಲ್ಲಿ, ಫಲಕದಲ್ಲಿ ಆ ಅಂಕಿಯನ್ನು ಹೇಳುವವರು ಈ ಷರತ್ತನ್ನೂ ಸೇರಿಸಿ ಹೇಳಿದರೆ ಇಸಾಂಪುರದ ಘನತೆ ಕುಂದುವುದಿಲ್ಲ.

ಗೋಗಿಯ ಏಳು ಕಕ್ಷಕಗಳು

ನೀರಿನ ಜೊತೆ ಯುರೇನಿಯಂ ಹರಿಯುತ್ತದೆ ಎಂದೆವಲ್ಲ, ಅದಕ್ಕೆ ಇದೇ ಜಿಲ್ಲೆಯಲ್ಲಿ ಇನ್ನೂ ದೊಡ್ಡ ಸಾಕ್ಷಿ ಇದೆ. ಶಹಾಪುರ ತಾಲ್ಲೂಕಿನ ಗೋಗಿ ಇತಿಹಾಸದವರಿಗೆ ಗೊತ್ತಿರುವುದು ಬಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿಂದ. ಭೂವಿಜ್ಞಾನದವರಿಗೆ ಅದು ಭೀಮಾ ಕೊಳ್ಳದ ದಕ್ಷಿಣ ಅಂಚಿನ ಬಿರುಕುವಲಯ. ಅಲ್ಲಿ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್ ಎರಡೂ ಸೀಳಿ ನುಚ್ಚಾಗಿವೆ. ಆ ನುಚ್ಚಿನ ಸಂದಿಯಲ್ಲಿ ಕಪ್ಪು ಖನಿಜಗಳು ಕೂತಿವೆ: ಕಾಫಿನೈಟ್ ಮತ್ತು ಪಿಚ್‌ಬ್ಲೆಂಡ್. ಜೊತೆಗೆ ಹಿತ್ತಾಳೆ ಹೊಳಪಿನ ಪೈರೈಟ್. ಪರಮಾಣು ಖನಿಜ ನಿರ್ದೇಶನಾಲಯದವರು ಶೋಧಿಸಿದ ಈ ನಿಕ್ಷೇಪದ ಅದಿರು ಜಾರ್ಖಂಡಿನ ಜಾದೂಗುಡ ಯುರೇನಿಯಂ ಗಣಿಯದ್ದಕ್ಕಿಂತ ಸಾಂದ್ರ. ಪರೀಕ್ಷಾರ್ಥ ಗಣಿ ತೋಡಿದ್ದೂ ಆಗಿದೆ, ನೀರು-ನೆಲದ ಭಯದಿಂದ ಊರವರು ವಿರೋಧಿಸಿದ್ದೂ ಆಗಿದೆ.

ಯುರೇನಿಯಂ ಅಲ್ಲೇ ಬಂದು ಏಕೆ ಕೂತಿತು? ಉತ್ತರ ಎಲ್ ಬರಾಬರ್ 3ರಲ್ಲಿದೆ. ಯುರೇನಿಯಂನ 92 ಎಲೆಕ್ಟ್ರಾನುಗಳಲ್ಲಿ 86 ರೇಡಾನ್ ಜೋಡಣೆಯಲ್ಲಿ ಭದ್ರವಾಗಿ ಕೂತಿವೆ. ಉಳಿದ ಆರರಲ್ಲಿ ಮೂರು 5ಎಫ್‌ನಲ್ಲಿ, ಒಂದು 6ಡಿಯಲ್ಲಿ, ಎರಡು 7ಎಸ್‌ನಲ್ಲಿ. ಕೋಷ್ಟಕದಲ್ಲಿ ಯುರೇನಿಯಂನ ಮೇಲಿನ ಮನೆಯ ನಿಯೋಡಿಮಿಯಂನಲ್ಲೂ ಎಫ್ ಎಲೆಕ್ಟ್ರಾನುಗಳಿವೆ, ಆದರೆ ಅವು 4ಎಫ್, ಒಳಗೆ ಹುದುಗಿಕೊಂಡಿರುತ್ತವೆ. ನಿಯೋಡಿಮಿಯಂ ಸಾಮಾನ್ಯವಾಗಿ ಮೂರು ಎಲೆಕ್ಟ್ರಾನ್ ಕೊಟ್ಟು ನಿಂತುಬಿಡುತ್ತದೆ. 5ಎಫ್ ಹಾಗಲ್ಲ, ಹೊರಕ್ಕೆ ಚಾಚಿಕೊಂಡಿದೆ. ಚಿನ್ನದಲ್ಲಿ ಕಂಡ ಸಾಪೇಕ್ಷತೆಯ ಆಟ ಇಲ್ಲೂ ಅದನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಯುರೇನಿಯಂ ನಾಲ್ಕನ್ನೂ ಕೊಡಬಲ್ಲದು, ಆರನ್ನೂ ಕೊಡಬಲ್ಲದು.

ಈ ನಾಲ್ಕು ಮತ್ತು ಆರರ ನಡುವೆ ಅದರ ನಡತೆ ಪೂರ್ತಿ ಬದಲಾಗುತ್ತದೆ. ಆಮ್ಲಜನಕ ಬೆರೆತ ನೀರು ತಾಗಿದಾಗ ಆರೂ ಹೋಗುತ್ತವೆ, ಏಳೂ ಎಫ್ ಕಕ್ಷಕಗಳು ಖಾಲಿ. ಆಗ ಎರಡು ಆಮ್ಲಜನಕಗಳು ಎರಡು ಪಕ್ಕಕ್ಕೆ ನೆಟ್ಟಗೆ ಅಂಟಿಕೊಂಡು ಯುರೇನೈಲ್ ಎಂಬ ನೇರ ಕಡ್ಡಿಯಂಥ ಅಯಾನು ಆಗುತ್ತದೆ. ಸುಣ್ಣಕಲ್ಲಿನ ಸೀಮೆಯ ನೀರಿನಲ್ಲಿ ಕಾರ್ಬೊನೇಟಿಗೆ ಬರವಿಲ್ಲ. ಯುರೇನೈಲ್ ಅದರ ಕೈ ಹಿಡಿದು ನೀರಿನಲ್ಲಿ ಸಲೀಸಾಗಿ ಕರಗಿ ಮೈಲಿಗಟ್ಟಲೆ ಸಾಗುತ್ತದೆ. ದಾರಿಯಲ್ಲಿ ಪೈರೈಟೋ ಸಾವಯವ ಪದಾರ್ಥವೋ ಎದುರಾಗಿ ಎರಡು ಎಲೆಕ್ಟ್ರಾನ್ ಕೊಟ್ಟವು ಅನ್ನಿ. ಅವು ಹೋಗಿ 5ಎಫ್‌ನಲ್ಲಿ ಕೂರುತ್ತವೆ. ಈಗ ಅದು ನಾಲ್ಕರ ಯುರೇನಿಯಂ, ನೀರಿನಲ್ಲಿ ಕರಗದು. ಅಲ್ಲೇ ಕಪ್ಪಗೆ ಗಟ್ಟಿಯಾಗುತ್ತದೆ. ಬಿರುಕಿನಲ್ಲಿ ನೀರು ಹರಿದಂತೆಲ್ಲ ಪದರಿನ ಮೇಲೆ ಪದರು. ಗೋಗಿಯಂಥ ಜಾಗದಲ್ಲಿ ಅದಿರು ಕೂಡುವ ರಸಾಯನ ಇದು. ಎರಡು ಎಲೆಕ್ಟ್ರಾನ್ ಎಫ್‌ನಲ್ಲಿ ಇವೆಯೋ ಇಲ್ಲವೋ, ಯುರೇನಿಯಂ ಬಂಡೆಯಲ್ಲಿರುತ್ತದೋ ಬಾವಿಯಲ್ಲಿರುತ್ತದೋ ಎಂಬುದಕ್ಕೆ ಬಹುಮಟ್ಟಿಗೆ ಅಷ್ಟೇ ಅಂತರ.

ಊರವರ ಭಯವನ್ನು ನಾನು ಈ ಕಡೆಯಿಂದಲೂ ನೋಡುತ್ತೇನೆ. ಲಕ್ಷಾಂತರ ವರ್ಷ ಗಾಳಿ ತಾಗದೆ ನಾಲ್ಕರಲ್ಲಿ ಮಲಗಿದ್ದ ಖನಿಜವನ್ನು ತೋಡಿ ಮೇಲೆ ತಂದು ಪುಡಿ ಮಾಡಿದರೆ ಅದಕ್ಕೆ ಆಮ್ಲಜನಕ ಸಿಗುತ್ತದೆ, ಮಳೆ ಸಿಗುತ್ತದೆ. ಅದು ಮತ್ತೆ ಆರಕ್ಕೆ ಏರಿ ಕರಗದಂತೆ ನೋಡಿಕೊಳ್ಳುವುದು ಗಣಿಯವರ ಮೊದಲ ಹೊಣೆ. ಕುಡಿಯುವ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಕೊಟ್ಟಿದೆ. ಇಲ್ಲಿ ಮೊದಲ ಚಿಂತೆ ವಿಕಿರಣದ್ದಲ್ಲ. ಯುರೇನಿಯಂ ರಾಸಾಯನಿಕವಾಗಿಯೇ ಮೂತ್ರಪಿಂಡಕ್ಕೆ ವಿಷ. ಗ್ರಾನೈಟ್ ಸೀಮೆಯ ಆಳದ ಕೊಳವೆಬಾವಿಗಳಲ್ಲಿ ಗಣಿ ಇಲ್ಲದೆಯೂ ಅದು ಬರಬಹುದು. ಆದ್ದರಿಂದ ಗಣಿ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ಮೊದಲು ಬೇಕಾದದ್ದು ಬಾವಿಬಾವಿಯ ಅಂಕಿ. ಅದು ಕಡತದಲ್ಲಿ ಉಳಿಯದೆ ಪಂಚಾಯ್ತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಬರಬೇಕು, ವರ್ಷ ವರ್ಷ ಬರಬೇಕು.

ಆ ಅಂಕಿ ತೆಗೆಯುವ ಫ್ಲೋರಿಮೀಟರ್ ಎಂಬ ಪೆಟ್ಟಿಗೆ ಒಂದು ಮೇಜಿನ ಮೇಲೆ ಹಿಡಿಯುವಷ್ಟಿದೆ. ನೀರಿಗೆ ಫಾಸ್ಫೇಟಿನ ದ್ರಾವಣ ಬೆರೆಸಿ ಅತಿನೇರಳೆ ಬೆಳಕಿನ ಚಿಕ್ಕ ಮಿಡಿತ ಕೊಡುತ್ತಾರೆ. ಯುರೇನೈಲ್‌ನಲ್ಲಿ ಆಮ್ಲಜನಕದ ಬಂಧದಲ್ಲಿದ್ದ ಎಲೆಕ್ಟ್ರಾನ್ ಖಾಲಿ 5ಎಫ್‌ಗೆ ಜಿಗಿಯುತ್ತದೆ, ಇಳಿಯುವಾಗ ಹಸಿರು ಬೆಳಕು ಬಿಡುತ್ತದೆ. ನೀರಿನಲ್ಲಿರುವ ಕೊಳೆತ ಎಲೆಕಡ್ಡಿಯ ಅಂಶವೂ ಹೊಳೆಯುತ್ತದೆ, ಆದರೆ ಅದರ ಹೊಳಪು ಸೆಕೆಂಡಿನ ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಆರಿಹೋಗುತ್ತದೆ. ಯುರೇನೈಲ್‌ನ ಹಸಿರು ಅದರ ಸಾವಿರಾರು ಪಟ್ಟು ಹೊತ್ತು ಉಳಿಯುತ್ತದೆ. ಮೇಲೆ ಹೋದ ಎಲೆಕ್ಟ್ರಾನಿನ ಸ್ಪಿನ್ ಕೆಳಗೆ ಬಿಟ್ಟುಬಂದ ಜೊತೆಗಾರನ ಸ್ಪಿನ್ನಿನ ದಿಕ್ಕಿಗೇ ತಿರುಗಿರುತ್ತದೆ. ಹಾಗೇ ಇಳಿದರೆ ಇಬ್ಬರಿಗೂ ನಾಲ್ಕೂ ಸಂಖ್ಯೆ ಒಂದೇ ಆದಾವು, ಆದ್ದರಿಂದ ಮಗುಚಿಕೊಂಡ ಮೇಲಷ್ಟೇ ಅದಕ್ಕೆ ಇಳಿಯಲು ದಾರಿ. ಆ ತಡವನ್ನೇ ಯಂತ್ರ ಉಪಯೋಗಿಸಿಕೊಳ್ಳುತ್ತದೆ: ಮಿಕ್ಕ ಹೊಳಪೆಲ್ಲ ಆರುವವರೆಗೆ ಕಾದು, ಉಳಿದ ಹಸಿರನ್ನು ಅಳೆದು, ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ತೋರಿಸುತ್ತದೆ.